ಚುಕ್ಕೆ ಇಡಿಸಿದ ಕನ್ನಡ ಮೇಷ್ಟ್ರು

ಓದುವಾಗ ಅವರ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ವಾಕ್ಯ ಶುರುವಾದ ಕೂಡಲೇ ಟೈರಿನ ಚಪ್ಪಲಿ ಬಿಟ್ಟು ಮೇಲೇಳುವುದು, ವಾಕ್ಯ ಉದ್ದವಾದಷ್ಟೂ ಇನ್ನಷ್ಟು ಏಳುವುದು, ಪೂರ್ಣವಿರಾಮ ಬಂದಾಗ ಪಟ್ಟನೆ ಇಳಿಯುವುದು. ಎಂಟನೇ ತರಗತಿಗೆ ಹೊಸದಾಗಿ ಸೇರಿದ ಮಕ್ಕಳು ಮೊದಲ ವಾರ ಅವರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಎರಡನೇ ವಾರದ ಹೊತ್ತಿಗೆ ಕಾಲು ಮರೆತುಹೋಗುತ್ತಿತ್ತು. ಪಾಠ ಕೇಳುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ಅಜ್ಜಂಪುರದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಅವರು ಕನ್ನಡ ಮೇಷ್ಟ್ರು, ನಾನು ಗಣಿತದ ಮೇಷ್ಟ್ರು. ಅವರು ತರೀಕೆರೆಯವರು, ನನಗಿಂತ ಹದಿನೈದು ವರ್ಷ ಹಿರಿಯರು. ನಾನು ಪಂಚನಹಳ್ಳಿ ಕಡೆಯವನು. ಮಠದ ಹಾಸ್ಟೆಲಿನಲ್ಲಿದ್ದು ಓದಿದವನು. ಐದಕ್ಕೆ ಗಂಟೆ ಹೊಡೆದರೆ ಏಳಬೇಕು, ಆರಕ್ಕೆ ಹೊಡೆದರೆ ಪ್ರಾರ್ಥನೆ, ಎಂಟಕ್ಕೆ ಹೊಡೆದರೆ ತಟ್ಟೆ ಹಿಡಿದು ಸಾಲು. ಬೇರೆ ರೀತಿ ಬದುಕಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಹೆಡ್‌ಮಾಸ್ಟರು ಇದನ್ನು ಕಂಡುಕೊಂಡು ಶಾಲೆಯ ವೇಳಾಪಟ್ಟಿ ಹಾಕುವ ಕೆಲಸವನ್ನು ನನಗೇ ಕೊಟ್ಟಿದ್ದರು.

ನಮ್ಮಿಬ್ಬರ ಕೊಠಡಿಗಳ ನಡುವೆ ಹಲಗೆಯ ಅಡ್ಡಗೋಡೆ. ಅತ್ತ ಸೀನಿದರೆ ಇತ್ತ ಕೇಳುತ್ತಿತ್ತು. ಅದೇ ತೊಂದರೆ. ನಾನು ಕರಾರುವಾಕ್ಕಾಗಿ ಪ್ರಮೇಯ ಬಿಡಿಸುತ್ತಿದ್ದರೆ ಆ ಕಡೆಯಿಂದ ಹೋ ಎಂದು ನಗು, ವಾದ, ಬೆಂಚು ಎಳೆದ ಸದ್ದು.

ಅದಕ್ಕೆ ಕಾರಣ ಅವರದೊಂದು ಪದ್ಧತಿ. ಹೊಸ ಪಾಠ ತೆಗೆದ ದಿನ ಅವರು ಅರ್ಥ ಹೇಳುತ್ತಿರಲಿಲ್ಲ, ಬರೆಸುತ್ತಿರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಿದ್ದರು. ಮಕ್ಕಳು ಪೆನ್ಸಿಲ್ ಹಿಡಿದು ಕೇಳಬೇಕು. ಎಲ್ಲಿ ಮನಸ್ಸು ಪಾಠ ಬಿಟ್ಟು ಆಚೆ ಹೋಯಿತೋ ಆ ಸಾಲಿನ ಪಕ್ಕ ಒಂದು ಚುಕ್ಕೆ ಇಡಬೇಕು. ಓದಿ ಮುಗಿದ ಮೇಲೆ ಒಬ್ಬೊಬ್ಬರೂ ಎದ್ದು ತಮ್ಮ ಚುಕ್ಕೆಗೆ ಕಾರಣ ಹೇಳಬೇಕು.

"ಬೇಜಾರಾಯ್ತು ಸಾ" ಎಂದರೆ ಬಿಡುತ್ತಿರಲಿಲ್ಲ. "ಬೇಜಾರು ಎಲ್ಲರಿಗೂ ಆಗುತ್ತೆ ಕಣೋ. ಯಾವ ಮಾತಿಗೆ ಆಯ್ತು, ಅದು ಹೇಳು" ಎನ್ನುವರು.

ಒಮ್ಮೆ ಗದ್ಯಪಾಠವೊಂದರಲ್ಲಿ ಎತ್ತು ಸತ್ತ ರೈತ ಅದರ ತಲೆ ತೊಡೆಯ ಮೇಲಿಟ್ಟುಕೊಂಡು ಗೋಳಾಡುವ ಭಾಗ ಬಂತು. ಇಡೀ ತರಗತಿ ನಕ್ಕುಬಿಟ್ಟಿತು. ನಾನು ಈಚೆ ಹಲ್ಲು ಕಚ್ಚಿದೆ. ಅವರು ಸಿಟ್ಟಾಗಲಿಲ್ಲ.

"ಯಾಕ್ರೋ ನಕ್ಕಿದ್ದು?"

ಕುಳ್ಳ ಹುಡುಗನೊಬ್ಬ ಎದ್ದ. "ನಮ್ಮನೆ ಎತ್ತು ಹೋದಾಗ ನಮ್ಮಪ್ಪ ಮಾತೇ ಆಡ್ಲಿಲ್ಲ ಸಾ. ಕೊರಳ ಹಗ್ಗ ಬಿಚ್ಚಿ ಸುತ್ತಿಟ್ಟ, ಅಷ್ಟೇಯ. ಈ ಯಪ್ಪ ನೋಡಿದ್ರೆ ಒಂದ್ ಪುಟ ಭಾಷಣ ಮಾಡ್ತಾನೆ."

"ಹಂಗಾದ್ರೆ ನೀನೇ ಬರಿ. ಎತ್ತು ಸತ್ತಿದೆ. ಹಗ್ಗ ಸುತ್ತಿಡ್ತಾನೆ. ಒಂದೂ ಮಾತಿಲ್ಲ. ಐದು ಸಾಲು."

ಮಾರನೆಯ ದಿನ ಆ ಐದು ಸಾಲನ್ನು ಮೇಷ್ಟ್ರು ಓದಿದರು. ಈ ಸಲ ಯಾರೂ ನಗಲಿಲ್ಲ.

ಇದೆಲ್ಲ ಸರಿ, ಆದರೆ ನೋಟ್ಸ್? ಪ್ರಶ್ನೋತ್ತರ ಬರೆಸುವುದರಲ್ಲಿ ಅವರು ಯಾವಾಗಲೂ ಹಿಂದೆ. ಹಿಂದಿನ ವರ್ಷ ಹತ್ತನೇ ತರಗತಿಯ ಕೆಲವರು ಕನ್ನಡದಲ್ಲೇ ನಪಾಸಾಗಿದ್ದರು. ನಾನು ಒಂದು ಶನಿವಾರ ಕೂತು, ಮೂರು ಪ್ಯಾರಾ, ನೀಟಾಗಿ, ಹೆಡ್‌ಮಾಸ್ಟರಿಗೆ ದೂರು ಬರೆದುಕೊಟ್ಟೆ. ಗಲಾಟೆಯಿಂದ ಪಕ್ಕದ ತರಗತಿಗೆ ಅಡಚಣೆ, ಬರವಣಿಗೆ ಅಪೂರ್ಣ, ಸೂಕ್ತ ಕ್ರಮ ಕೋರಿದೆ. ಹೆಡ್‌ಮಾಸ್ಟರು ಅದನ್ನು ತನಿಖೆಗೆ ಬರುವ ಸಾಹೇಬರ ಮುಂದಿಡುವುದಾಗಿ ಹೇಳಿದರು. ಸಾಹೇಬರು ಹೂಂ ಅಂದರೆ ಹತ್ತನೇ ತರಗತಿಯ ಕನ್ನಡವನ್ನು ಅವರಿಂದ ತೆಗೆದು ಸಮಾಜದ ಮೇಷ್ಟ್ರಿಗೆ ಕೊಡುವುದೆಂದು ಮಾತಾಯಿತು.

ಹತ್ತನೇ ತರಗತಿ ಅಂದರೆ ಅವರಿಗೆ ಏನೆಂದು ನನಗೆ ಗೊತ್ತಿತ್ತು. ಒಮ್ಮೆ ಸ್ಟಾಫ್ ರೂಮಿನಲ್ಲಿ ಹೇಳಿದ್ದರು: "ಇವರಲ್ಲಿ ಮುಕ್ಕಾಲು ಪಾಲು ಹತ್ತು ಮುಗಿಸಿ ಹೊಲಕ್ಕೋ ಗಂಡನ ಮನೆಗೋ ಹೋಗ್ತಾರೆ. ಆಮೇಲೆ ಪುಸ್ತಕ ಕೊಡೋರು ಯಾರ್ರೀ? ನನಗಿರೋದು ಅದೊಂದು ವರ್ಷ." ಗೊತ್ತಿದ್ದೂ ಬರೆದಿದ್ದೆ. ನಿಯಮ ನಿಯಮವೇ ಎಂದುಕೊಂಡಿದ್ದೆ.

ತನಿಖೆಯ ದಿನ ಬಂತು. ಸಾಹೇಬರು ಕೋಟು ತೊಟ್ಟ ಗಂಭೀರ ಮನುಷ್ಯ, ಹಾಡುಗಾರರು ಬೇರೆ. ಪಕ್ಕದ ಕೊಠಡಿಗೆ ಹೋಗಿ "ಪದ್ಯ ಹೇಗೆ ಹೇಳಬೇಕು ಅಂತ ನಾನೇ ತೋರಿಸ್ತೀನಿ" ಎಂದರು. ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಿಯ ಪದ್ಯ. ರಾಗ ಹಾಕಿ, ಎಳೆದು, ಇಳಿಸಿ, ಮತ್ತೆ ಎಳೆದು ಹಾಡಿದರು. ಹಲಗೆಯ ಈಚೆ ನನಗೆ ಒಂದೊಂದು ಅಕ್ಷರವೂ ಕೇಳುತ್ತಿತ್ತು.

"ಹೇಗಿತ್ತು?" ಅಂದರು ಸಾಹೇಬರು.

ಬೇರೆ ಯಾವ ಶಾಲೆಯಲ್ಲಾದರೂ ಮಕ್ಕಳು "ಚೆನ್ನಾಗಿತ್ತು ಸಾ" ಎಂದು ಒಂದೇ ದನಿಯಲ್ಲಿ ಕೂಗಿ ಬಚಾವಾಗುತ್ತಿದ್ದರು. ಇವರಿಗೆ ಅಭ್ಯಾಸವೇ ಬೇರೆ.

"ಏನ್ರೀ ಇದು, ನಾನು ಕೇಳ್ತಾ ಇದ್ರೆ ಪುಸ್ತಕದ ಮೇಲೆ ಗೀಚ್ತಾ ಕೂತಿದಾರೆ! ಏಯ್, ಎದ್ದೇಳಮ್ಮ. ಏನದು?"

"ಚುಕ್ಕೆ ಸಾ." ದನಿ ಗುರುತು ಹತ್ತಿತು. ಅಂತರಘಟ್ಟೆಯಿಂದ ನಡೆದು ಬರುತ್ತಿದ್ದ ಹುಡುಗಿ. ನನ್ನ ತರಗತಿಯಲ್ಲಿ ಒಂದು ದಿನವೂ ಬಾಯಿ ಬಿಟ್ಟವಳಲ್ಲ. "ನೀವು ಎರಡ್ನೇ ಸಲ ಎಳೆದ್ರಲ್ಲ ಸಾ, ಅಲ್ಲಿ ನನ್ ಮನ್ಸು ಆಚೆ ಹೋಯ್ತು."

ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಕಪ್ಪುಹಲಗೆಯ ಮೇಲೇ ನಿಂತಿತು. ನನ್ನ ಮಕ್ಕಳೂ ಲೆಕ್ಕ ಬಿಟ್ಟು ಅಡ್ಡಗೋಡೆಯ ಕಡೆ ತಿರುಗಿದ್ದರು. ಕನ್ನಡ ಮೇಷ್ಟ್ರ ಕಥೆ ಮುಗಿಯಿತು ಎಂದುಕೊಂಡೆ. ಮುಗಿಸಿದವನು ನಾನು ಎಂಬುದೂ ಹೊಳೆಯಿತು.

"ಕಾರಣ?" ಇದು ಕನ್ನಡ ಮೇಷ್ಟ್ರ ದನಿ. ಎಂದಿನ ದನಿ. ನಡುಗಿರಲಿಲ್ಲ.

"ಆ ಸಾಲಲ್ಲಿ ಅವ್ವ ಮಗಳ ಸೀರೆ ಎಣಿಸ್ತಾ ಅವಳೆ ಸಾ. ಅಳು ಬರಬಾರ್ದು ಅಂತ್ಲೇ ಎಣಿಸ್ತಾ ಅವಳೆ. ಸಾಹೇಬ್ರು ಅಳೋ ಹಂಗೆ ಹಾಡಿಬಿಟ್ರೆ, ಪಾಪ, ಅವಳು ತಡ್ಕೊಂಡಿದ್ದೆಲ್ಲಾ ದಂಡ ಆಯ್ತಲ್ಲ ಸಾ?"

ಸಾಹೇಬರು ಪುಸ್ತಕ ಮುಚ್ಚಿ ಹೊರಗೆ ನಡೆದ ಸದ್ದು ಕೇಳಿತು.

ಮಧ್ಯಾಹ್ನ ನನ್ನನ್ನು ಹೆಡ್‌ಮಾಸ್ಟರ ಕೋಣೆಗೆ ಕರೆಸಿದರು. ಮೇಜಿನ ಮೇಲೆ ನನ್ನ ದೂರು.

"ನೀವೇ ಬರೆದದ್ದೇನ್ರೀ?" ಸಾಹೇಬರು ಕೇಳಿದರು.

"ಹೌದು ಸಾರ್. ಬರೆದದ್ದೆಲ್ಲ ನಿಜ, ಗಲಾಟೆ ಆಗುತ್ತೆ. ಆದರೆ ಇವತ್ತು ಆ ಹುಡುಗಿ ಮಾತಾಡಿದ್ದನ್ನ ನನ್ನ ಮಕ್ಕಳು ಲೆಕ್ಕ ಬಿಟ್ಟು ಕೇಳಿದ್ರು. ನಾನೂ ಲೆಕ್ಕ ಬಿಟ್ಟು ಕೇಳಿದೆ. ಎರಡು ವರ್ಷದಿಂದ ಅವಳಿಗೆ ಪಾಠ ಮಾಡ್ತಿದೀನಿ, ಅವಳಿಗೆ ಇಷ್ಟು ಬುದ್ಧಿ ಇದೆ ಅಂತ ನನಗೆ ಗೊತ್ತಿರಲಿಲ್ಲ. ಕಾಗದ ವಾಪಸು ಕೊಡಿ ಸಾರ್."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ನಾನು ಅಷ್ಟೊಂದು ಎಳೆದೆನೇನ್ರೀ?"

"ಸ್ವಲ್ಪ ಎಳೆದ್ರಿ ಸಾರ್."

ಹೆಡ್‌ಮಾಸ್ಟರು ಕೆಮ್ಮಿದರು. ಸಾಹೇಬರು ನಗಲಿಲ್ಲ, ಬೈಯಲೂ ಇಲ್ಲ. ಷರತ್ತು ಹಾಕಿದರು: ಹತ್ತನೇ ತರಗತಿ ಅವರಲ್ಲೇ ಇರಲಿ, ಆದರೆ ನೋಟ್ಸ್ ಎಲ್ಲ ಒಂದು ತಿಂಗಳಲ್ಲಿ ಪೂರ್ತಿಯಾಗಬೇಕು. ಅದನ್ನು ಪೂರ್ತಿ ಮಾಡಿಸುವ ಕೆಲಸ ನನ್ನದು ಎಂದು ನಾನೇ ಒಪ್ಪಿಕೊಂಡು ಬಂದೆ.

ಸ್ಟಾಫ್ ರೂಮಿನಲ್ಲಿ ಅವರ ಎದುರು ಕೂತು ಎಲ್ಲ ಹೇಳಿದೆ. ಅವರು ಊಟದ ಡಬ್ಬಿ ಮುಚ್ಚುತ್ತಾ, "ನಿಮ್ಮ ಕಾಗದ ನಾನು ಆಗಲೇ ಓದಿದ್ದೆ ಮೇಷ್ಟ್ರೇ. ಹೆಡ್‌ಮಾಸ್ಟರು ತೋರಿಸಿದ್ರು. ಅಕ್ಷರ ಬಹಳ ದುಂಡಗಿತ್ತು. ಎರಡನೇ ಪ್ಯಾರಾದಲ್ಲಿ ಮಾತ್ರ ನನ್ನ ಮನಸ್ಸು ಆಚೆ ಹೋಯ್ತು" ಎಂದರು. ಅಷ್ಟೇ. ಆ ವಿಷಯ ಮತ್ತೆಂದೂ ಎತ್ತಲಿಲ್ಲ.

ಆ ತಿಂಗಳು ದಿನಾ ಸಂಜೆ ಸ್ಕೂಲು ಬಿಟ್ಟ ಮೇಲೆ ಮುಕ್ಕಾಲು ಗಂಟೆ ನಾನು ಮಕ್ಕಳನ್ನು ಕೂರಿಸಿ ಕನ್ನಡದ ಪ್ರಶ್ನೋತ್ತರ ಬರೆಸಿದೆ. ಅವರು ಪಕ್ಕದಲ್ಲಿ ಕೂತು, ನನ್ನ ಶಿಸ್ತನ್ನು ನೋಡಿ ನಗುತ್ತಾ, ತಪ್ಪು ತಿದ್ದುತ್ತಿದ್ದರು. ಆ ವರ್ಷ ಕನ್ನಡದಲ್ಲಿ ಒಬ್ಬರೂ ನಪಾಸಾಗಲಿಲ್ಲ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ರಜದಲ್ಲಿ ನಾನು ಕಡೂರಿನ ಬಸ್ಸಿನಲ್ಲಿ ಹೋಗುವಾಗ ಆ ಎತ್ತಿನ ಐದು ಸಾಲು ಬರೆದ ಕುಳ್ಳ ಹುಡುಗ ಕಿಟಕಿಗೆ ಒರಗಿ ದಪ್ಪದೊಂದು ಕಾದಂಬರಿ ಓದುತ್ತಿದ್ದ. ಪರೀಕ್ಷೆ ಮುಗಿದಿತ್ತು. ಓದು ಎಂದು ಯಾರೂ ಹೇಳಿರಲಿಲ್ಲ. ನನ್ನ ಕಡೆ ಅವನು ನೋಡಲೂ ಇಲ್ಲ. ಅಂಥ ಮೇಷ್ಟ್ರ ಜೊತೆ ಕೆಲಸ ಮಾಡಿದವನು ನಾನು ಎಂದು ಆ ದಿನ ಬಸ್ಸಿನಲ್ಲಿ ಎದೆಯುಬ್ಬಿತು. ಇವತ್ತಿಗೂ ಉಬ್ಬುತ್ತದೆ.

ಎಂಬತ್ತರ ದಶಕದ ಕೊನೆಯಲ್ಲಿ, ನಿವೃತ್ತರಾದ ಎರಡನೇ ವರ್ಷಕ್ಕೆ, ಅವರು ತರೀಕೆರೆಯ ಮನೆಯಲ್ಲಿ ತೀರಿಕೊಂಡರು. ನಾನಾಗ ಸಿಂಗಟಗೆರೆ ಕಡೆಯ ಶಾಲೆಯಲ್ಲಿದ್ದೆ. ಮಣ್ಣು ಮುಗಿಸಿ ಬಂದ ಮಾರನೆಯ ದಿನ ಒಂಬತ್ತನೇ ತರಗತಿಗೆ ವೃತ್ತದ ಪ್ರಮೇಯ ಮಾಡಬೇಕಿತ್ತು. ಜಾಮಿಟ್ರಿ ಪೆಟ್ಟಿಗೆ ತೆಗೆದು ಕೂತಿದ್ದ ಮಕ್ಕಳಿಗೆ ಅದನ್ನು ಮುಚ್ಚಲು ಹೇಳಿದೆ. ಶಾಲೆಯ ಬೀರುವಿನಿಂದ ತಂದ ಪುಸ್ತಕದ ಒಂದು ಕಥೆ ಓದಿದೆ. ಮುನಿಸಿಕೊಂಡು ಹೋದ ಮಗ ಎಷ್ಟೋ ವರ್ಷದ ಮೇಲೆ ಬಂದು ಬಾಗಿಲು ತಟ್ಟುತ್ತಾನೆ, ಒಳಗೆ ಮುದುಕಿ ಎದ್ದು ನಿಲ್ಲುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಲೆಕ್ಕ ಹೇಳಿದ ಹಾಗೆ ಓದಿದೆನೆಂದು ನನಗೇ ಗೊತ್ತಿತ್ತು.

ಮುಂದಿನ ಬೆಂಚಿನ ಹುಡುಗಿ ಎದ್ದಳು. "ಸಾ, ಮುದುಕಿ ಬಾಗಿಲು ತೆಗೆದ್ಲೋ ಇಲ್ವೋ?"

"ಬರೆದಿಲ್ಲ."

"ಮತ್ತೆ ಉತ್ತರ?"

ಉತ್ತರ ಗೊತ್ತಿಲ್ಲದೆ ನಾನು ತರಗತಿಯ ಮುಂದೆ ನಿಂತದ್ದು ಅದೇ ಮೊದಲು.

"ನನಗೆ ಗೊತ್ತಿಲ್ಲಮ್ಮ. ನಿನಗೇನನ್ನಿಸುತ್ತೆ, ಹೇಳು" ಎಂದೆ.

ಅವಳು ಬಾಯಿ ತೆರೆಯುವ ಮೊದಲೇ ಕೊನೆಯ ಬೆಂಚಿನವರೆಗೂ ಕೈಗಳು ಮೇಲೆದ್ದವು.