ಎಡ ಭುಜದ ಪಟ್ಟಿ

ಮನೆಗೆ ಬಂದ ದಿನ ಆ ಉಕ್ಕಿನ ತಟ್ಟೆಯನ್ನು ನಾನು ಯಾವುದೋ ಯಂತ್ರದ ಮುಚ್ಚಳವೆಂದುಕೊಂಡೆ. ನಮ್ಮ ಮನೆಯವರು ಅದನ್ನು ನನ್ನ ಹೊಲಿಗೆ ಮೇಜಿನ ಮೇಲೆ, ಆಗಷ್ಟೇ ಕತ್ತರಿಸಿಟ್ಟಿದ್ದ ಬಟ್ಟೆಯ ಮೇಲೆಯೇ, ಧಡ್ಡನೆ ಇಟ್ಟರು. ಜೊತೆಗೆ ಸುರುಳಿ ಸುತ್ತಿದ ಕಪ್ಪು ಪಟ್ಟಿ, ಒಂದು ಬಕಲ್ಲು, ಸಾಮಾನು ಸಿಕ್ಕಿಸುವ ನಾಲ್ಕಾರು ಉಕ್ಕಿನ ಬಳೆಗಳು.

"ಇಡೋಕೆ ಬೇರೆ ಜಾಗ ಸಿಗಲಿಲ್ವಾ?" ಎಂದೆ.

"ಕೋಪ ಆಮೇಲೆ ಮಾಡ್ಕೋ. ಇದನ್ನ ನನ್ನ ಮೈಗೆ ಹೊಂದಿಸಬೇಕು, ಸ್ವಲ್ಪ ಬಾ," ಎಂದರು.

ಇವರದು ಬಂದರಿನಲ್ಲಿ ನೀರಿಗಿಳಿಯುವ ಕೆಲಸ. ಹಡಗಿನ ಹೊಟ್ಟೆಗೆ ಅಂಟಿದ ಚಿಪ್ಪು ಕೆರೆಯುವುದು, ಹಡಗನ್ನು ಮುಂದೂಡಲು ತಳದಲ್ಲಿ ತಿರುಗುವ ರೆಕ್ಕೆಗೆ ಸುತ್ತಿಕೊಂಡ ಹಗ್ಗ ಬಿಡಿಸುವುದು, ಕಟ್ಟೆಯ ಕಂಬಗಳು ಗಟ್ಟಿಯಾಗಿವೆಯೇ ಎಂದು ಮುಟ್ಟಿ ನೋಡಿಬರುವುದು. ನೀರಿನ ಮೇಲೆ ಇವರಷ್ಟು ಸೋಮಾರಿಯನ್ನು ನಾನು ಕಂಡಿಲ್ಲ. ಕುಡಿದ ಲೋಟ ಕುಡಿದಲ್ಲೇ ಇರುತ್ತದೆ. ನೀರಿನೊಳಗೆ ಮಾತ್ರ ಇವರೇ ಬೇಕೆಂದು ಹಡಗಿನವರು ಕೇಳಿ ಕರೆಸುತ್ತಾರೆ. ಆ ಹೆಮ್ಮೆಯಿಂದಲೇ ಇವರಿಗೆ ಅನ್ನ ಇಳಿಯುತ್ತಿತ್ತು, ನಿದ್ದೆ ಹತ್ತುತ್ತಿತ್ತು. ಅದೊಂದನ್ನು ಕಿತ್ತುಕೊಂಡರೆ ಈ ಮನುಷ್ಯನಲ್ಲಿ ಏನು ಉಳಿಯುತ್ತದೆಂದು ನನಗೂ ಗೊತ್ತಿರಲಿಲ್ಲ, ಇವರಿಗೂ ಗೊತ್ತಿರಲಿಲ್ಲ.

ಅಲ್ಲಿಯವರೆಗೆ ಇವರು ತೊಡುತ್ತಿದ್ದದ್ದು ಮೆತ್ತನೆಯ ಜಾಕೆಟ್ಟು. ಎರಡೂ ಭುಜದ ಮೇಲೆ ಬಕಲ್ಲು. ಒತ್ತಿದರೆ ಟಕ್ಕೆಂದು ಬಿಚ್ಚಿ, ಉಸಿರಾಡುವ ಗಾಳಿಯ ಸಿಲಿಂಡರಿನ ಸಮೇತ ಬೆನ್ನಿನಿಂದ ಇಳಿಯುತ್ತಿತ್ತು. ಆದರೆ ಚಿಪ್ಪಿಗೆ ತಗುಲಿ ಬಟ್ಟೆ ಹರಿಯುತ್ತಿತ್ತು, ಬಕಲ್ಲು ಒಡೆಯುತ್ತಿತ್ತು. ಹೊಸದಾಗಿ ಬಂದ ಸೂಪರ್‌ವೈಸರ್ ಆ ಪಜೀತಿಯೇ ಬೇಡವೆಂದ. ಇನ್ನು ಎಲ್ಲರಿಗೂ ಬೆನ್ನಿಗೆ ಉಕ್ಕಿನ ತಟ್ಟೆ, ಅದರ ಹಿಂದೆ ನೀರಲ್ಲಿ ತೇಲಿಸುವ ಗಾಳಿಚೀಲ, ಅದರ ಹಿಂದೆ ಸಿಲಿಂಡರ್. ತಟ್ಟೆಯ ಸೀಳುಗಳಲ್ಲಿ ತೂರಿಸಿದ ಒಂದೇ ಉದ್ದನೆಯ ಪಟ್ಟಿ ಎರಡು ಭುಜ ಬಳಸಿ, ಸೊಂಟ ಸುತ್ತಿ, ಹೊಟ್ಟೆಯ ಹತ್ತಿರದ ಒಂದೇ ಬಕಲ್ಲಿಗೆ ಸೇರುತ್ತದೆ. ಕಾಲ ಸಂದಿನಿಂದ ಇನ್ನೊಂದು ಪಟ್ಟಿ ಬಂದು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಭುಜದ ಮೇಲೆ ಬಿಚ್ಚಲು ಏನೂ ಇಲ್ಲ. ಹೊಟ್ಟೆಯ ಬಕಲ್ಲು ತೆಗೆದು, ಮೊಣಕೈ ಮಡಿಚಿ ಮೇಲೆತ್ತಿ, ಒಂದು ತೋಳನ್ನು ಪಟ್ಟಿಯಿಂದ ನುಸುಳಿಸಬೇಕು. ಆಮೇಲೆ ಉಳಿದದ್ದು ತಾನಾಗಿ ಬರುತ್ತದೆ. ಭುಜ ನೆಟ್ಟಗಿರುವವರಿಗೆ ಅಂಗಿ ಕಳಚಿದಷ್ಟೇ ಸುಲಭ.

ಇವರ ಭುಜಗಳು ನೆಟ್ಟಗಿರಲಿಲ್ಲ. ವರ್ಷಗಟ್ಟಲೆ ತಣ್ಣೀರಿನಲ್ಲಿ ಕೆರೆದು ಕೆರೆದು ಮೊದಲು ಎಡ ಭುಜ ಬಿಗಿಯಿತು, ಹಿಂದೆಯೇ ಬಲವೂ ಬಿಗಿಯಿತು. ಕೈ ಮುಂದಕ್ಕೆ ಚಾಚಿ ಕೆಲಸ ಮಾಡಲು ತೊಂದರೆಯಿಲ್ಲ. ಮೇಲೆತ್ತಿದರೆ ಎದೆಯ ಮಟ್ಟಕ್ಕೆ ನಿಂತುಬಿಡುತ್ತವೆ, ಬೆನ್ನ ಹಿಂದಕ್ಕಂತೂ ಹೋಗುವುದೇ ಇಲ್ಲ. ಬೆಳಿಗ್ಗೆ ಅಂಗಿ ತೊಡಿಸುವವಳು ನಾನು. ಕೆಲಸದ ಜಾಗದಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ದೋಣಿಯಲ್ಲಿ ಹಗ್ಗ ಹಿಡಿಯಲು ಕೂರಿಸುತ್ತಾರೆಂಬ ಭಯ.

ಪಟ್ಟಿ ಒಣಗಿದ ಚರ್ಮದ ಹಾಗೆ ಬಿರುಸು. ಸೀಳಿನಲ್ಲಿ ತೂರಿಸುವಷ್ಟರಲ್ಲಿ ನನ್ನ ಉಗುರು ಕಿತ್ತುಬಂತು. ಕನ್ನಡಿಯ ಮುಂದೆ ನಿಲ್ಲಿಸಿ, ಬಳೆಗಳನ್ನು ಕೈಗೆಟಕುವಲ್ಲಿಗೆ ಸರಿಸಿ, ಭುಜದ ಪಟ್ಟಿಯಡಿ ಬೆರಳು ತೂರಿಸಿ ನೋಡಿ, ಬಿಚ್ಚಿ, ಮತ್ತೆ ಕಟ್ಟಿದೆವು. ಬಲಗಡೆ ಅಳತೆಗೆ ಸರಿಯಾಗಿ ಕೂತಿತು. ಎಡಗಡೆ ಮಾತ್ರ ಬಿಗಿಯಲು ಬಿಡಲಿಲ್ಲ.

"ಎಡಗಡೆ ಜೋತುಬಿದ್ದಿದೆ ರೀ. ತಟ್ಟೆ ಸೊಟ್ಟಗೆ ನಿಂತಿದೆ."

"ನೀನೇನು ಫ್ರಾಕು ಹೊಲೀತಿಲ್ಲ. ಇರಲಿ ಬಿಡು."

"ಬಿಗಿ ಮಾಡಿದ್ರೆ ತೋಳು ಆಚೆ ಬರಲ್ಲ, ಅದಕ್ಕೆ ತಾನೇ?"

ಇವರು ಕನ್ನಡಿಯಿಂದ ಮುಖ ತಿರುಗಿಸಿ ಬಕಲ್ಲು ಬಿಚ್ಚತೊಡಗಿದರು.

"ಸೂಪರ್‌ವೈಸರ್‌ಗೆ ಹೇಳ್ಬಿಡಿ. ಭುಜ ಏನು ಕದ್ದ ಮಾಲಾ, ಮುಚ್ಚಿಡೋಕೆ?"

"ಹೇಳಿ, ಹಗ್ಗ ಹಿಡ್ಕೊಂಡು ಕೂರ್ಲಾ? ಅದಕ್ಕಿಂತ ಮುಳುಗಿ ಹೋಗೋದು ವಾಸಿ."

ಈ ಮನುಷ್ಯನ ಹಟದ ಮುಂದೆ ನನ್ನ ಬಾಯಿ ನಡೆಯುವುದಿಲ್ಲ. ಸೂಜಿಯಾದರೂ ನಡೆದೀತೆಂದು ಎಡ ಭುಜದ ಪಟ್ಟಿಯನ್ನು ಕತ್ತರಿಸಿ, ಹಳೆ ಜಾಕೆಟ್ಟಿನ ಬಕಲ್ಲನ್ನು ನಡುವೆ ಸೇರಿಸಿ, ದಬ್ಬಳ ಹಿಡಿದು ದಪ್ಪ ದಾರದಲ್ಲಿ ಕೈಯಲ್ಲೇ ಹೊಲಿದುಕೊಟ್ಟೆ. ಆಗ ಪಟ್ಟಿಯನ್ನು ಅಳತೆಗೆ ಬಿಗಿದರೂ ಬಕಲ್ಲು ಒತ್ತಿ ಹೊರಗೆ ಬರಬಹುದಿತ್ತು. ಇವರ ಮುಖ ಅರಳಿತು.

ಮರುದಿನ ಸೂಪರ್‌ವೈಸರ್ ಅದನ್ನು ನೋಡಿದ. "ಹೊಲಿಗೆ ನೀರೊಳಗೆ ಬಿಟ್ಕೊಂಡ್ರೆ ಏನ್ ಮಾಡ್ತೀರಿ? ಇದು ಬೇಡ, ಹೊಸ ಪಟ್ಟಿ ಹಾಕಿ," ಎಂದನಂತೆ. ಆಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದನಂತೆ: "ಯಾಕೆ ಬೇಕಾಯ್ತು ಇದು? ಭುಜಕ್ಕೆ ಏನಾದ್ರೂ ತೊಂದರೆ ಇದ್ಯಾ? ಇದ್ರೆ ಹೇಳಿ."

"ಏನಿಲ್ಲ ಸರ್. ಹೆಂಡ್ತಿ ಟೈಲರ್ರು, ಕೈ ಸುಮ್ನಿರಲ್ಲ. ಕಂಡಿದ್ದಕ್ಕೆಲ್ಲ ಬಕಲ್ ಹೊಲೀತಾಳೆ," ಎಂದರಂತೆ ಇವರು. ಎಲ್ಲರೂ ನಕ್ಕರಂತೆ. ನನಗೆ ಇದನ್ನು ಹೇಳಿದವನು ಕಡ್ಡಿ, ಅವನೂ ನಗುತ್ತಲೇ ಹೇಳಿದ. ನನಗೆ ಮೈಯೆಲ್ಲ ಉರಿಯಿತು.

ಕಡ್ಡಿ ಇವರ ಜೊತೆಗಾರ. ಮೈಯಲ್ಲಿ ಮಾಂಸವಿಲ್ಲದ್ದಕ್ಕೆ ಆ ಹೆಸರು. ಆ ಕೆಲಸದಲ್ಲಿ ಯಾರೂ ಒಬ್ಬರೇ ಇಳಿಯುವ ಹಾಗಿಲ್ಲ. ಒಬ್ಬನಿಗೆ ಏನಾದರೂ ಆದರೆ ಕೈಹಿಡಿಯಲು ಇನ್ನೊಬ್ಬ ಪಕ್ಕದಲ್ಲಿರಬೇಕು. ಅವನ ಹೆಂಡತಿ ಹಿಂದಿನ ಬೀದಿಯವಳು, ನನ್ನನ್ನು ಅಕ್ಕ, ಇವರನ್ನು ಭಾವ ಎನ್ನುತ್ತಾಳೆ. ಅವರ ಮಗಳ ಬಟ್ಟೆಗಳೆಲ್ಲ ನನ್ನ ಮಿಶಿನ್ನಿನ ಮೇಲೆಯೇ ಹೊಲಿದದ್ದು.

ಹೊಸ ತಟ್ಟೆಯೊಂದಿಗೆ ಒಂದು ಪರೀಕ್ಷೆಯೂ ಬಂದಿತ್ತು. ಬಂದರಿನ ಯಾರ್ಡಿನ ನೀರಿನ ತೊಟ್ಟಿಯ ತಳದಲ್ಲಿ ಮೊಣಕಾಲೂರಿ, ಉಸಿರುನಳಿಗೆಯನ್ನು ಬಾಯಲ್ಲಿ ಕಚ್ಚಿಕೊಂಡೇ, ಇಡೀ ಸೆಟ್ಟನ್ನು ಬೆನ್ನಿನಿಂದ ಕಳಚಿ ಮುಂದಿಟ್ಟು ಮತ್ತೆ ತೊಡಬೇಕು. ಕಂಬಗಳ ನಡುವಿನ ಇಕ್ಕಟ್ಟಿಗೆ ಹೋಗುವಾಗ ಹಾಗೆ ಕಳಚಿ ಮುಂದಕ್ಕೆ ತಳ್ಳಿಕೊಂಡು ಹೋಗಬೇಕಾಗುತ್ತದೆ. ಪಾಸಾಗದವರು ನೀರಿಗಿಳಿಯುವ ಹಾಗಿಲ್ಲ. ಇವರು ಹೊಸ ಪಟ್ಟಿಯ ಎಡಭಾಗವನ್ನು ಜೋಲುವಷ್ಟು ಸಡಿಲ ಬಿಟ್ಟು ಇಳಿದು, ಹೇಗೋ ನುಸುಳಿ ಪಾಸಾದರು. ಆ ಸಂಜೆ ಕುಡಿದ ಲೋಟವನ್ನು ತಾವೇ ತೊಳೆದಿಟ್ಟರು.

ಆದರೆ ಸಡಿಲ ಪಟ್ಟಿಯಲ್ಲಿ ಕೆಲಸ ಸಾಗುವುದಿಲ್ಲ. ಮಗ್ಗುಲಾದರೆ ಸಿಲಿಂಡರು ಜಾರುತ್ತದೆ, ತಲೆ ತಗ್ಗಿಸಿದರೆ ಹಿಂದಲೆಗೆ ಬಡಿಯುತ್ತದೆ. ಪರೀಕ್ಷೆ ಮುಗಿದದ್ದೇ ಎಡಗಡೆಯನ್ನೂ ಬಿಗಿದುಬಿಟ್ಟರು. ಪಟ್ಟಿ ಸೀಳಿನಲ್ಲಿ ಕಚ್ಚಿಕೊಂಡಿರುವುದರಿಂದ ನೀರೊಳಗೆ ಅದನ್ನು ಸಡಿಲಿಸಲು ಬರುವುದಿಲ್ಲ. ಕೆಲಸ ಮುಗಿಸಿ ಮೇಲೆ ಬಂದರೆ ದೋಣಿಯಲ್ಲಿ ಹಗ್ಗ ಹಿಡಿದು ಕೂರುವ ಮುದುಕ ಸಿಲಿಂಡರನ್ನು ಎತ್ತಿಹಿಡಿದು, ಪಟ್ಟಿಯನ್ನು ತೋಳಿನುದ್ದಕ್ಕೂ ಎಳೆದು ಕಳಚುತ್ತಿದ್ದ. ವಯಸ್ಸಾಯಿತು, ಸೇವೆ ಮಾಡಿಸಿಕೊಳ್ಳುವ ಚಟ ಹತ್ತಿದೆ ಎಂದು ಆ ಮುದುಕ ಇವರನ್ನು ರೇಗಿಸುತ್ತಿದ್ದ. ಇವರು ಹಲ್ಲುಕಿರಿದು ಸುಮ್ಮನಾಗುತ್ತಿದ್ದರು.

ಆ ದಿನ ಹಳೆ ಕಟ್ಟೆಯ ಕೆಳಗೆ ಕೆಲಸ. ಮುರಿದ ಕಂಬಗಳ ನಡುವೆ ಒಂದು ಸರಪಳಿ ಸಿಕ್ಕಿಕೊಂಡಿತ್ತು. ಸಂದು ಚಿಕ್ಕದು. ಕಡ್ಡಿ ತನ್ನ ಸೆಟ್ಟು ಕಳಚಿ ಮುಂದಕ್ಕೆ ತಳ್ಳಿಕೊಂಡು ಒಳಗೆ ಹೋದ, ಇವರು ಸಂದಿನ ಬಾಯಲ್ಲಿ ದೀಪ ಹಿಡಿದು ನಿಂತರು. ಸರಪಳಿ ಅಲುಗಿದ್ದೇ ಮೇಲಿನ ಮರದ ತೊಲೆ ಜಾರಿ ಕಡ್ಡಿಯ ಕಾಲ ಮೇಲೆ ಕೂತಿತು. ಅವನ ಉಸಿರುನಳಿಗೆಯೂ ಅದರಡಿ ಸಿಕ್ಕಿ ಹರಿದು, ಸಿಲಿಂಡರಿನ ಗಾಳಿಯೆಲ್ಲ ಗುಳುಗುಳು ಹೊರಗೆ ಹೋಗತೊಡಗಿತು. ಇವರ ಸಿಲಿಂಡರಿನಲ್ಲಿ ಇಬ್ಬರಿಗೂ ಆಗುವಷ್ಟು ಗಾಳಿಯಿತ್ತು, ಇಂಥ ಹೊತ್ತಿಗೆಂದೇ ಇನ್ನೊಂದು ನಳಿಗೆಯೂ ಇತ್ತು. ಅದು ಕಡ್ಡಿಯ ಬಾಯಿಗೆ ಮುಟ್ಟಬೇಕಾದರೆ ಇವರೂ ಸೆಟ್ಟು ಕಳಚಿ ಒಳಗೆ ನುಗ್ಗಬೇಕಿತ್ತು.

ಹೊಟ್ಟೆಯ ಬಕಲ್ಲು ಬಿಚ್ಚಿದರು. ಎಡತೋಳು ಬರಲಿಲ್ಲ, ಬಲತೋಳೂ ಬರಲಿಲ್ಲ. ಚಾಕು ತೆಗೆದು ಎಡ ಭುಜದ ಪಟ್ಟಿ ಕೊಯ್ಯತೊಡಗಿದರು. ಚಿಪ್ಪು ಕೆರೆದು ಮೊಂಡಾಗಿದ್ದ ಚಾಕು ಅರ್ಧಕ್ಕೆ ನಿಂತಿತು. ಕೊನೆಗೆ ಮೇಲಕ್ಕೆ ಬಂದು ದೋಣಿಯ ಅಂಚು ಹಿಡಿದು, "ಕಳಚು, ಬೇಗ ಕಳಚು," ಎಂದರಂತೆ. ಮುದುಕ ಎಂದಿನಂತೆ ಎಳೆದು ಕಳಚಿದ. ಸೆಟ್ಟನ್ನು ತಬ್ಬಿಕೊಂಡು ಮತ್ತೆ ಮುಳುಗಿ, ಸಂದಿನೊಳಗೆ ತೂರಿ, ಕಡ್ಡಿಯ ಬಾಯಿಗೆ ನಳಿಗೆ ಇಟ್ಟರು. ತುಟಿ ಅದನ್ನು ಹಿಡಿಯಲಿಲ್ಲ. ಜಾರಿತು, ಮತ್ತೆ ಇಟ್ಟರು. ಬೇರೆ ದೋಣಿಯವರು ಇಳಿದು ಇವರನ್ನು ಎಳೆದು ತರುವವರೆಗೂ ಇಡುತ್ತಲೇ ಇದ್ದರಂತೆ.

ತೊಲೆ ಜಾರಿ ಕಡ್ಡಿ ಸತ್ತದ್ದಕ್ಕೆ ಯಾರೂ ಹೊಣೆಯಲ್ಲ ಎಂದು ತೀರ್ಮಾನವಾಯಿತು. ಅರ್ಧ ಕೊಯ್ದ ಪಟ್ಟಿಯನ್ನು ಸೂಪರ್‌ವೈಸರ್ ಎಲ್ಲರಿಗೂ ತೋರಿಸಿ, ಜೊತೆಗಾರನಿಗಾಗಿ ತನ್ನ ಪಟ್ಟಿಯನ್ನೇ ಕೊಯ್ದುಕೊಂಡ ಮನುಷ್ಯ ಎಂದು ಹೊಗಳಿದ. ತೋಳು ನುಸುಳಿಸದೆ ಪಟ್ಟಿ ಕೊಯ್ದದ್ದೇಕೆಂದು ಕೇಳಲಿಲ್ಲ; ನೀರೊಳಗೆ ಗಾಬರಿಯಲ್ಲಿ ಕೈ ಓಡದಿರುವುದು ಸಹಜ ಎಂದುಕೊಂಡಿರಬೇಕು. ಇವರು ಮನೆಗೆ ಬಂದು ಇದನ್ನು ನನಗೆ ಹೇಳಿ ಗೋಡೆಯ ಕಡೆ ತಿರುಗಿ ಕೂತರು. ನನಗೆ ಇವರನ್ನು ಹೊಡೆಯಬೇಕೆನಿಸಿತು, ತಬ್ಬಿಕೊಳ್ಳಬೇಕೆಂದೂ ಅನಿಸಿತು. ಎರಡೂ ಮಾಡದೆ ತಟ್ಟೆಗೆ ಅನ್ನ ಹಾಕಿದೆ; ಅದು ಹಾಗೇ ಆರಿತು.

ಒಂದು ಮಧ್ಯಾಹ್ನ ಕಡ್ಡಿಯ ಹೆಂಡತಿ ಬಂದಳು. ಕೂರು ಎಂದರೂ ಕೂರಲಿಲ್ಲ.

"ಭಾವ, ಸೂಪರ್‌ವೈಸರ್ ಎಲ್ಲ ಹೇಳಿದ್ರು," ಎಂದಳು. "ನಿಮ್ಮ ಜೀವದ ಹಂಗು ತೊರೆದು ಒದ್ದಾಡಿದ್ರಂತೆ. ಕೊನೇಲಿ ಹತ್ತಿರ ನೀವಿದ್ರಿ ಅನ್ನೋದೇ ನನಗೆ ಸಮಾಧಾನ. ಮಗಳಿಗೂ ಅದನ್ನೇ ಹೇಳಿದೀನಿ."

ಇವರು ಕುರ್ಚಿಯಿಂದ ಎದ್ದು ಅವಳೆದುರು ನಿಂತರು. ಎರಡೂ ಕೈ ಎತ್ತಿದರು. ಎದೆಯ ಮಟ್ಟಕ್ಕೆ ಬಂದು ನಿಂತವು.

"ಇಷ್ಟೇ ಏಳೋದು," ಎಂದರು. "ಪಟ್ಟಿಯಿಂದ ಆಚೆ ಬರೋಕೆ ಆಗಲಿಲ್ಲ. ಅದಕ್ಕೇ ಕೊಯ್ದೆ."

ಅವಳಿಗೆ ಹೇಳಿದರೆ ಯಾರ್ಡಿಗೇ ಹೇಳಿದಂತೆ. ಇವರ ನೀರಿನ ಕೆಲಸ ಅಲ್ಲಿಗೆ ಮುಗಿಯಿತೆಂದು ನನಗೆ ಗೊತ್ತಾಯಿತು. ಅವಳಿಗೆ ಮಾತ್ರ ಇನ್ನೂ ಅರ್ಥವಾಗಿರಲಿಲ್ಲ.

"ಯಾವಾಗಿಂದ ಹೀಗೆ?"

"ಆ ತಟ್ಟೆ ಬರೋಕೆ ಮುಂಚಿನಿಂದ."

"ಯಾರಿಗೂ ಹೇಳಿರಲಿಲ್ವಾ?"

"ಕೇಳಿದ್ರು. ಏನಿಲ್ಲ ಅಂದೆ."

"ಹೇಳಿದ್ದಿದ್ರೆ?"

"ನನ್ನನ್ನ ದೋಣೀಲಿ ಕೂರಿಸ್ತಿದ್ರು. ಕೆಳಗೆ ಅವನ ಜೊತೆ ಬೇರೆ ಯಾರೋ ಇರ್ತಿದ್ರು."

ಅವಳು ಇವರ ತೋಳುಗಳನ್ನೇ ನೋಡುತ್ತಿದ್ದಳು. ಎತ್ತಿದವು ಹಾಗೇ ಇದ್ದವು.

"ಇಳಿಸಿ," ಎಂದಳು. ಭಾವ ಎನ್ನಲಿಲ್ಲ. "ಅಪ್ಪನ ಹತ್ತಿರ ನೀವಿದ್ರಿ ಅನ್ನೋದನ್ನೇ ಮಗಳು ದಿನಾ ಹೇಳಿಸಿಕೊಂಡು ಮಲಗ್ತಾಳೆ. ಅವಳಿಗೆ ಈಗ ಏನು ಹೇಳಲಿ, ನೀವೇ ಹೇಳಿ."

ಇವರು ಕೈ ಇಳಿಸಿದರು. ಅವಳು ಉತ್ತರಕ್ಕೆ ಕಾಯುತ್ತ ನಿಂತೇ ಇದ್ದಳು.