ಮಂಗಳ ಗ್ರಹಕ್ಕೆ ಸೀಟ್ ಇದೆ

ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಪ್ರೈವೇಟ್ ಬಸ್ಸುಗಳಿಗೆ ಜನರನ್ನು ಕೂಗಿ ಹತ್ತಿಸುವ ಏಜೆಂಟರೊಬ್ಬರಿದ್ದರು. ನಮ್ಮ ವೈಜ್ಞಾನಿಕ ಕಥೆಗಳ ಬಳಗಕ್ಕೂ ಅವರೇ ಸಂಚಾಲಕರು. ಮುಂದಿನ ಕೂಟದ ಪ್ರಚಾರವೂ ಅದೇ ಗಂಟಲಿನಲ್ಲಿ ಆಗುತ್ತಿತ್ತು: "ಸಾಗರ, ಸಾಗರ! ಭಾನುವಾರ ಮೂರು ಗಂಟೆಗೆ ಮೇಲಿನ ರೂಮಲ್ಲಿ ಮಂಗಳ ಗ್ರಹ! ಸೀಟ್ ಇದೆ, ಬನ್ನಿ!"

ಸೀಟು ತುಂಬದೆ ಬಸ್ ಬಿಡದ ಹಾಗೆ, ಕುರ್ಚಿ ತುಂಬದೆ ಕೂಟವನ್ನೂ ಶುರು ಮಾಡಿಸುತ್ತಿರಲಿಲ್ಲ. ಆ ಭಾನುವಾರ ಒಂದು ಕುರ್ಚಿ ಖಾಲಿಯಿತ್ತು. ಕೆಳಗಿಳಿದು ಹೋಗಿ, ತೀರ್ಥಹಳ್ಳಿ ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರನ್ನು ಚೀಲದ ಸಮೇತ ಕರೆತಂದು ಕೂರಿಸಿದರು. "ಬಸ್ ಬಂದ ಕೂಡ್ಲೆ ನಾನೇ ಹತ್ತಿಸ್ತೀನಿ" ಎಂದು ಮಾತು ಕೊಟ್ಟರು.

ನಾನು ನನ್ನ ಕಥೆ ಓದಿದೆ. ಮಂಗಳದಿಂದ ಹಿಂತಿರುಗುವ ನೌಕೆಯೊಂದು ದಾರಿ ತಪ್ಪಿ, ಕತ್ತಲಲ್ಲಿ ತೇಲುತ್ತ ಉಳಿದುಬಿಡುತ್ತದೆ. ಆ ಅಂತ್ಯದ ಬಗ್ಗೆ ನನಗೆ ಹೆಮ್ಮೆಯಿತ್ತು.

ಓದಿ ಮುಗಿಸಿದಾಗ ಏಜೆಂಟರು ಗಲ್ಲಕ್ಕೆ ಕೈಕೊಟ್ಟು ಕೂತಿದ್ದರು. ಕಿಟಕಿಯಾಚೆ ತೀರ್ಥಹಳ್ಳಿ ಬಸ್ಸು ತಿರುವು ದಾಟುತ್ತಿತ್ತು. ಅದು ಬಂದದ್ದೇ ಅವರಿಗೆ ಕೇಳಿಸಿರಲಿಲ್ಲ.

"ಅಮ್ಮಾ, ನಿಮ್ಮ ಬಸ್ ಹೋಯ್ತು," ಎಂದರು.

"ಹೋಗ್ಲಿ ಬಿಡಿ, ಇನ್ನೊಂದು ಬರುತ್ತಲ್ಲ," ಎಂದ ಅಜ್ಜಿ ನನ್ನತ್ತ ತಿರುಗಿದರು. "ಆ ನೌಕೇಲಿ ಕೂತಿದ್ದೋರು ಮನೆ ಮುಟ್ಟಿದ್ರಾ?"

"ಇಲ್ಲ ಅಜ್ಜಿ. ಕಥೆ ಅಲ್ಲಿಗೇ ಮುಗೀತು."

ಏಜೆಂಟರು ಎದ್ದು ಹೋಗಿ ರೂಮಿನ ಬಾಗಿಲು ಹಾಕಿ ಬಂದರು. "ಜನ ಹತ್ತಿಸಿದ ಮೇಲೆ ಮುಟ್ಟಿಸ್ಬೇಕು ಮಾರಾಯ್ರೆ," ಎನ್ನುತ್ತ ನನ್ನ ಎದುರು ಕೂತರು. "ಬರೀರಿ. ಮುಂದಿನ ಬಸ್ಸಿಗೆ ಇನ್ನೂ ಟೈಮ್ ಇದೆ."