ಹೊನ್ನೆಕಾಯಿ ಹೆಕ್ಕುತ್ತಿದ್ದ ಆಚೆಮನೆ ಅಮ್ಮ

ಆಚೆಮನೆ ಅಮ್ಮನ ಹತ್ತೂ ಉಗುರುಗಳ ಸಂದಿಯಲ್ಲಿ ಕಪ್ಪು ಹಸಿರಿನ ಒಂದು ಅಂಟು ಯಾವಾಗಲೂ ಕೂತಿರುತ್ತಿತ್ತು. ಹೊನ್ನೆಕಾಯಿ ಸಿಪ್ಪೆಯ ಅಂಟು. ಸಾಬೂನಿಗೂ ಹೋಗದು, ಹುಣಸೆಹುಳಿಗೂ ಹೋಗದು. ಅದೇ ಕೈಯಲ್ಲಿ ಅವರು ಕಂಪೌಂಡಿನ ಮೇಲಿಂದ ಬಸಳೆಯ ಕಟ್ಟು ಚಾಚುತ್ತಿದ್ದರು. ನಾನು ನಗುನಗುತ್ತ ತೆಗೆದುಕೊಂಡು, ಒಳಗೆ ಹೋಗಿ ಮೂರು ನೀರಿನಲ್ಲಿ ತೊಳೆಯುತ್ತಿದ್ದೆ. ತೊಳೆದ ಮೇಲೂ ಮನಸ್ಸು ಬಾರದೆ ಎಸೆದದ್ದುಂಟು.

ತೊಂಬತ್ತೆಂಟರಲ್ಲಿ ನಾವು ಹಂಗಾರಕಟ್ಟೆಯಲ್ಲಿ ಮನೆ ಕಟ್ಟಿದೆವು. ನಾನು ಕೋಟದ ಕಡೆಯ ಒಂದು ಶಾಲೆಯಲ್ಲಿ ಟೀಚರು. ಊರವರಿಗೆಲ್ಲ ಸೆಗಣಿ ಸಾರಿಸಿದ ಅಂಗಳವೇ ಸಾಕಾಗುತ್ತಿತ್ತು. ನನಗೆ ಮಾತ್ರ ಯಾವುದೋ ವಾರಪತ್ರಿಕೆಯ ಚಿತ್ರದಲ್ಲಿ ಕಂಡ ಹುಲ್ಲುಹಾಸೇ ಆಗಬೇಕಿತ್ತು. ಬ್ರಹ್ಮಾವರದಿಂದ ತರಿಸಿ ಹಾಸಿದ ದಿನ ಆಚೆಮನೆ ಅಮ್ಮ ಬಂದು ಸೊಂಟಕ್ಕೆ ಕೈಕೊಟ್ಟು ನಿಂತರು.

"ಗಂಟಿ ಇಲ್ಯಲೆ ಟೀಚ್ರೆ, ಇಷ್ಟ್ ಹುಲ್ಲ್ ಎಂತಕೆ?"

ದನಕರು ಇಲ್ಲದವರಿಗೆ ಹುಲ್ಲಿನ ಉಸಾಬರಿ ಯಾಕೆಂದು ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ.

ಅವರ ಹೊನ್ನೆಮರ ನಮ್ಮ ಕಂಪೌಂಡಿಗೆ ತಾಗಿಯೇ ಇತ್ತು. ಅರ್ಧ ಮರ ಅವರ ಕಡೆ, ಅರ್ಧ ನಮ್ಮ ಹುಲ್ಲಿನ ಮೇಲೆ. ವರ್ಷಕ್ಕೆ ಎರಡು ಸಲ ಕಾಯಿ. ಬಾವಲಿಗಳು ಸಂಜೆಯಿಂದಲೇ ಬಂದು ಜೋತುಬಿದ್ದು, ಮೇಲಿನ ತೆಳ್ಳನೆಯ ತಿರುಳನ್ನು ಕೆರೆದು ತಿಂದು, ಎಂಜಲು ಹತ್ತಿದ ಗುಂಡು ಬೀಜವನ್ನು ಕೆಳಗೆ ಬಿಡುತ್ತಿದ್ದವು. ಬೆಳಿಗ್ಗೆ ಬಾಗಿಲು ತೆರೆದರೆ ಹುಲ್ಲೇ ಕಾಣಿಸದು. ಲೋಳೆ ಲೋಳೆ ಬೀಜ, ಜಗಿದು ಉಗುಳಿದ ನಾರು, ನಡುನಡುವೆ ಬಾವಲಿಯ ಹಿಕ್ಕೆ. ಮಳೆ ಬಂದರಂತೂ ಕೇಳುವುದೇ ಬೇಡ. ಎಲ್ಲ ಕೊಳೆತು, ಚಪ್ಪಲಿಯ ಅಡಿಗೆ ಪಿಚಕ್ಕೆಂದು, ನೊಣ ಎದ್ದು ಮುಖಕ್ಕೆ ಬಡಿಯುತ್ತಿತ್ತು. ಒಣಹಾಕಿದ ಬಿಳಿ ಪಂಚೆಯ ಮೇಲೆ ಕಂದು ಕಲೆ. ಛೀ!

ಅಮ್ಮನಿಗೆ ಈ ಹೇಸಿಗೆಯೇ ಇರಲಿಲ್ಲ. ಆರು ಗಂಟೆಗೆ ಹೆಡಗೆ ಹಿಡಿದು ತಮ್ಮ ಕಡೆಯದನ್ನು ಹೆಕ್ಕಿ ಮುಗಿಸಿ, ಗೇಟು ದೂಡಿ ನಮ್ಮ ಕಡೆಗೆ ಬರುತ್ತಿದ್ದರು. ಬರಿಗಾಲು, ಬರಿಗೈ. ಬೀಜಕ್ಕೆ ಅಂಟಿದ ಎಂಜಲನ್ನು ಸೆರಗಿಗೆ ಒರೆಸಿಕೊಂಡು, ಅದೇ ಸೆರಗಿನಿಂದ ಬೆವರನ್ನೂ ಒರೆಸಿಕೊಳ್ಳುವರು. ಆಮೇಲೆ ಅದನ್ನೆಲ್ಲ ಒಣಗಿಸಿ, ಒಡೆದು, ಎಣ್ಣೆ ತೆಗೆಸುವುದು. ಅವರ ಗಂಡ ಇದ್ದಾಗ ಮರದ ದೋಣಿಗೆ ಆ ಎಣ್ಣೆ ಬಳಿಯುತ್ತಿದ್ದರಂತೆ. ಗಂಡ ತೀರಿಹೋದರು, ಮಗ ಫೈಬರ್ ದೋಣಿಗೆ ಹೋದ, ಎಣ್ಣೆ ಕೇಳುವವರಿಲ್ಲ. ಆದರೂ ಡಬ್ಬದ ಮೇಲೆ ಡಬ್ಬ ತುಂಬುತ್ತಿತ್ತು, ಅದರ ಕಮಟು ನಮ್ಮ ಅಡುಗೆಮನೆಯವರೆಗೂ ಬರುತ್ತಿತ್ತು.

"ಮರ ಕಡಿಸಿಬಿಡಿ ಅಮ್ಮ, ನಿಮಗೂ ಒಳ್ಳೇದು, ನಮಗೂ ಒಳ್ಳೇದು" ಎಂದು ಒಮ್ಮೆ ಸ್ವಲ್ಪ ಬಿರುಸಾಗಿಯೇ ಹೇಳಿದೆ.

ಅವರು ಸಿಟ್ಟಾಗಲಿಲ್ಲ. "ಕಡ್ದ್ರೆ ನಾ ಎಂತ ಮಾಡುದ್ ಟೀಚ್ರೆ? ದೋಣಿ ಹೋಯ್ತ್, ಯಜಮಾನ್ರ್ ಹೋದ್ರ್. ಹೊತ್ತ್ ಮೂಡ್ರೆ ನಂಗೂ ಒಂದ್ ಕೆಲ್ಸ ಬೇಕಲೆ" ಎಂದರು.

ಆ ಮಾತು ನನ್ನ ಕಿವಿಗೆ ಬಿತ್ತು, ಅಷ್ಟೆ. ಮಾರನೆಯ ತಿಂಗಳು ಶಾಲೆಯಲ್ಲಿ ಯಾರೋ ಹೇಳಿದರು, ಮರಕ್ಕೆ ತೂತು ಕೊರೆದು ಇಂಗು ತುಂಬಿಸಿದರೆ ಸದ್ದಿಲ್ಲದೆ ಒಣಗುತ್ತದೆಂದು. ಮಕ್ಕಳಿಗೆ ಗಿಡಮರ ಉಳಿಸಿ ಎಂದು ಪಾಠ ಹೇಳುವ ನಾನು ನಂಬಿದೆ. ಆಚೆಮನೆಯವರೆಲ್ಲ ಗಂಗೊಳ್ಳಿಗೆ ಮದುವೆಗೆ ಹೋದ ಒಂದು ಮಧ್ಯಾಹ್ನ, ಬಡಗಿಗಳು ಬಿಟ್ಟುಹೋದ ಬೈರಿಗೆ ಹಿಡಿದು ಕಂಪೌಂಡು ದಾಟಿದೆ. ಬುಡದಲ್ಲಿ ಒಂದು ಗೇಣು ಕೊರೆಯುವಷ್ಟರಲ್ಲಿ ಕೈಗೆ ಬೊಬ್ಬೆ ಬಂತು. ಗಟ್ಟಿ ಇಂಗನ್ನು ತುರುಕಿ, ಮೇಲೆ ಮಣ್ಣು ಮೆತ್ತಿ, ಏನೂ ಆಗದವಳಂತೆ ಬಂದು ಚಹಾ ಕುಡಿದೆ.

ಮದುವೆ ಮುಗಿಸಿ ಬಂದ ಮಾರನೆಯ ಬೆಳಿಗ್ಗೆ ಅಮ್ಮ ಮರದ ಬುಡದಲ್ಲಿ ನಿಂತರು. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಅವರು ಬಗ್ಗಿದರು, ಮೂಸಿದರು. ಮತ್ತೆ ಮೂಸಿದರು. ಬೆರಳಿನಿಂದ ಮಣ್ಣು ಕೆದಕಿದರು. ಆಮೇಲೆ ತಲೆ ಎತ್ತಿ ನೇರ ನಮ್ಮ ಕಿಟಕಿಯ ಕಡೆಗೆ ನೋಡಿದರು. ತಪ್ಪಿಸಿಕೊಳ್ಳಲು ನನಗೆ ಜಾಗವಿರಲಿಲ್ಲ.

"ನಮ್ಮನಿಯಲ್ಲ್ ಇಂಗ್ ತಿಂಬರ್ ಯಾರೂ ಇಲ್ಲೆ ಟೀಚ್ರೆ" ಎಂದರು.

ಅಷ್ಟೇ. ನಿಜ, ಮೀನುಸಾರಿನ ಮನೆಗೆ ಇಂಗು ಬಾರದು. ಆ ಮನೆಗಳ ಸಾಲಿನಲ್ಲಿ ಸಾರಿಗೆ ಇಂಗಿನ ಒಗ್ಗರಣೆ ಹಾಕುವ ಮನೆಯೆಂದರೆ ನಮ್ಮದೊಂದೇ. ಇಷ್ಟು ಓದಿದವಳಿಗೆ ಅಷ್ಟೂ ಹೊಳೆದಿರಲಿಲ್ಲ.

ಅವರು ಕತ್ತಿಯ ತುದಿಯಿಂದ ಇಂಗನ್ನೆಲ್ಲ ಕೆರೆದು ತೆಗೆದು, ಕೊಡಗಟ್ಟಲೆ ನೀರು ಹಾಕಿ ತೊಳೆದು, ಗಾಯಕ್ಕೆ ಸೆಗಣಿ ಮೆತ್ತಿದರು. ಅಳುತ್ತಿದ್ದರೋ ಏನೋ, ಬೆನ್ನು ಈಚೆಗಿತ್ತು. ಮರ ಸಾಯಲಿಲ್ಲ. ಅವರ ಕಡೆಯ ಒಂದು ದೊಡ್ಡ ಕೊಂಬೆ ಮಾತ್ರ ಒಣಗಿತು. ಅಲ್ಲಿದ್ದ ಬಾವಲಿಗಳೆಲ್ಲ ನಮ್ಮ ಕಡೆಯ ಕೊಂಬೆಗೆ ಬಂದವು, ಹುಲ್ಲಿನ ಮೇಲೆ ಹೇಸಿಗೆ ಇಮ್ಮಡಿಯಾಯಿತು.

ಇನ್ನು ಅವರು ಗೇಟು ದೂಡುವುದಿಲ್ಲ ಎಂದುಕೊಂಡಿದ್ದೆ. ಆದರೆ ಇಂಗು ಕೆರೆದು ತೆಗೆದ ಮರುದಿನವೇ ಆರು ಗಂಟೆಗೆ ಗೇಟು ಕಿರ್ರೆಂದಿತ್ತು. "ಹ್ವಾಯ್ ಟೀಚ್ರೆ, ಕಂಡ್ಕಂಡ್ ಬನ್ನಿ, ಕಾಲ್ ಜಾರತ್ತ್" ಎಂದು ಕೂಗಿ ಎಂದಿನಂತೆ ಹೆಕ್ಕತೊಡಗಿದರು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಊರಿಗೆಲ್ಲ ಹೇಳಿದ್ದರೆ ಸುಳ್ಳೆಂದು ಸಾಧಿಸುತ್ತಿದ್ದೆ. ಅವರು ಎರಡಕ್ಕೂ ಅವಕಾಶ ಕೊಡಲಿಲ್ಲ. ಒಂಬತ್ತು ವರ್ಷ, ಕಾಯಿ ಉದುರುವಷ್ಟು ದಿನವೂ ಬೆಳಿಗ್ಗೆ ಬಂದು, ನಾನು ಅಸಹ್ಯಪಟ್ಟದ್ದನ್ನು ಎತ್ತಿಕೊಂಡು ಹೋದರು. ಒಂಬತ್ತು ವರ್ಷವೂ "ತಪ್ಪಾಯಿತು" ಎನ್ನಲು ನನ್ನ ನಾಲಗೆ ಏಳಲಿಲ್ಲ. ಬೀಜ ಕಂಡರೆ ಬರುತ್ತಿದ್ದ ವಾಕರಿಕೆ ಈಗ ನನ್ನನ್ನು ನೆನೆದರೂ ಬರುತ್ತಿತ್ತು.

ಒಂದು ಮಳೆಗಾಲದಲ್ಲಿ ಅವರು ನಾಲ್ಕೇ ದಿನದ ಜ್ವರದಲ್ಲಿ ಹೋಗಿಬಿಟ್ಟರು. ಬೊಜ್ಜ, ಉತ್ತರಕ್ರಿಯೆ ಎಲ್ಲ ಮುಗಿದ ಮರುದಿನ ಅವರ ಮಗ ಬಂದು ಜಗಲಿಯ ಕೆಳಗೆ ನಿಂತ. ಹಾಗೆ ನಿಲ್ಲಲು ಜಾಗ ಹುಡುಕಬೇಕಾಯಿತು. ಅಮ್ಮ ಮಲಗಿದಂದಿನಿಂದ ಹೆಕ್ಕುವವರಿಲ್ಲದೆ ನಮ್ಮ ಹುಲ್ಲು ಗಬ್ಬೆದ್ದುಹೋಗಿತ್ತು.

"ನಾಳೆ ಮರ ಕಡ್ಸ್ತೆ ಟೀಚ್ರೆ. ಅಮ್ಮ ಇಪ್ಪಲ್ಲಿವರಿಗೆ ಮುಟ್ಟುಕ್ ಬಿಡ್ಲಿಲ್ಲ. ನಿಮ್ಗೂ ಉಪದ್ರ ತಪ್ಪತ್ತ್. ಹೆಂಗೂ ಅದ್ ಹುಳ ಹೊಕ್ಕ್ ಮರ."

"ಯಾವ ಹುಳ?"

"ಬುಡದಲ್ಲ್ ತೂತ್ ಇತ್ತಲೆ. ಆಗ ನಾ ಕೇಂಡದ್ದಕ್ಕೆ ಅಮ್ಮ ಹುಳ ಕೊರ್ದದ್ದ್ ಅಂದಿರ್."

ಸ್ವಂತ ಮಗನಿಗೂ ಹೇಳಿರಲಿಲ್ಲ.

"ಅದ್ ಹುಳ ಅಲ್ಲ" ಎಂದೆ. "ನಾನ್ ಕೊರ್ದದ್ದ್. ಇಂಗ್ ತುಂಬ್ಸಿದ್ದೂ ನಾನೇ. ಅಮ್ಮಂಗೆ ಗೊತ್ತಿತ್ತ್."

ಅವನು ನನ್ನನ್ನು ನೋಡಲಿಲ್ಲ, ಮರವನ್ನೇ ನೋಡುತ್ತಿದ್ದ.

"ಮರ ಕಡಿಬೇಡ" ಎಂದೆ.

"ಹಾಂಗಾರೆ ಇದನ್ನೆಲ್ಲ ಹೆಕ್ಕುದ್ ಯಾರ್ ಟೀಚ್ರೆ?"

"ನಾನೇ" ಎಂದೆ. ಜಗಲಿಯಿಂದ ಇಳಿದು, ಬರಿಗೈಯಲ್ಲೇ ಕಾಲಬುಡದ ಒಂದು ಬೀಜ ಎತ್ತಿದೆ.